ಗಾಜಿನ ಪೆಟ್ಟಿಗೆಯ ಸಾವುಕಾರ

"ಗುರುಗಳೇ, ಹೆಸರಿಗಾಗಿ ಕೊಟ್ಟದ್ದು ದಾನವಾಗುತ್ತದೆಯೇ?" ಎಂದು ಶಿಷ್ಯೆ ಕೇಳಿದಳು.

ಗುರು ಮಠದ ಅಡಿಗೆಮನೆಯ ಹೊರಗೆ ಕುಳಿತು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರು ಕೊಟ್ಟರು?"

"ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ."

ನಡೆದದ್ದನ್ನು ಶಿಷ್ಯೆ ಹೇಳಿದಳು. ತಾಲ್ಲೂಕು ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟುವ ಕೂಸುಗಳಿಗೆಂದು ಒಂದು ಕೋಣೆ ಇತ್ತು. ಅವುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ಮಾತ್ರ ಒಂದೇ ಇತ್ತು. ಇನ್ನೊಂದಾದರೂ ಬೇಕೆಂದು ದಾನ ಎತ್ತಲು ಮಠದವರು ಅವಳನ್ನು ಊರಿಗೆ ಕಳಿಸಿದ್ದರು. ಎಂಟು ದಿನ ಅವಳು ಅಂಗಡಿಯಿಂದ ಅಂಗಡಿಗೆ ತಿರುಗಿದಳು. ಎಂಟನೆಯ ದಿನ ಒಬ್ಬ ಸಿಮೆಂಟ್ ವ್ಯಾಪಾರಿ ಇಡೀ ಪೆಟ್ಟಿಗೆಯನ್ನು ತಾನೊಬ್ಬನೇ ಕೊಡಿಸುತ್ತೇನೆ ಎಂದ. ಅದರ ಮೇಲೆ ತನ್ನ ಹೆಸರು, ತಂದೆಯ ಹೆಸರು, ಅಂಗಡಿಯ ಹೆಸರು, ಜೊತೆಗೆ ಫೋನ್ ನಂಬರು ಬರೆಸಬೇಕು ಎಂದ.

"ನೀನು ಏನೆಂದೆ?"

"ಇದು ದಾನವಲ್ಲ, ಜಾಹೀರಾತು ಎಂದೆ. ಕೈಮುಗಿದು ಎದ್ದು ಬಂದೆ." ಹೇಳುವಾಗ ಶಿಷ್ಯೆಯ ಕುತ್ತಿಗೆ ಸ್ವಲ್ಪ ನೆಟ್ಟಗಾಯಿತು. "ನಾನು ಮಾಡಿದ್ದು ಸರಿಯಲ್ಲವೇ?"

ಗುರು ಮೊರವನ್ನು ಅವಳ ಕಡೆ ಸರಿಸಿದರು.

"ಕೂರು, ತಾಯಿ. ಕಲ್ಲು ಆರಿಸು. ಆರಿಸುತ್ತ ಒಂದು ಕತೆ ಕೇಳು."

ಒಂದು ಊರಿನಲ್ಲಿ ಒಬ್ಬ ಹತ್ತಿ ವರ್ತಕನಿದ್ದ. ಅವನಿಗೆ ಕೊಡುವ ಕೈ ಇತ್ತು. ಕೊಟ್ಟದ್ದರ ಮೇಲೆಲ್ಲ ಹೆಸರು ಬರೆಸುವ ಚಟವೂ ಇತ್ತು. ಬಸ್ ನಿಲ್ದಾಣಕ್ಕೆ ಒಂದು ಕಲ್ಲುಬೆಂಚು ಕೊಟ್ಟ. ಒರಗುವ ಕಡೆ ಜಾಗ ಸಾಲದೆ ಕೂರುವ ಕಡೆಯೂ ಹೆಸರು ಬರೆಸಿದ. ಬಣ್ಣ ಒಣಗುವ ಮೊದಲೇ ಜನ ಕುಳಿತರು. ಆ ವಾರವೆಲ್ಲ ಊರಿನ ಅರ್ಧ ಧೋತರಗಳ ಹಿಂದೆ ಅವನ ಹೆಸರು ತಿರುಗುಮುರುಗಾಗಿ ಓಡಾಡಿತು.

ಆಮೇಲೆ ಗುಡಿಗೆ ಒಂದು ಫ್ಯಾನು ಕೊಟ್ಟ. ಹೆಸರನ್ನು ಮೂರು ತುಂಡು ಮಾಡಿ ಮೂರು ರೆಕ್ಕೆಗೆ ಬರೆಸಿದ. ಫ್ಯಾನು ತಿರುಗಿದರೆ ಹೆಸರು ಓದಲು ಬರುತ್ತಿರಲಿಲ್ಲ. ಆದ್ದರಿಂದ ಅವನು ಗುಡಿಗೆ ಬಂದಾಗಲೆಲ್ಲ ಪೂಜಾರಿ ಫ್ಯಾನು ನಿಲ್ಲಿಸುತ್ತಿದ್ದ. ವರ್ತಕ ಯಾವ ಹೊತ್ತಿಗೆ ಬರುತ್ತಾನೆಂದು ಹೇಳಲಾಗದು. ಹೀಗಾಗಿ ಫ್ಯಾನು ನಿಂತೇ ಇರುತ್ತಿತ್ತು. ಬೇಸಿಗೆಯಲ್ಲಿ ಭಕ್ತರೂ ಬೆವರುತ್ತಿದ್ದರು, ಪೂಜಾರಿಯೂ ಬೆವರುತ್ತಿದ್ದ, ದೇವರೂ ಬೆವರುತ್ತಿದ್ದ.

ಶಿಷ್ಯೆ ನಕ್ಕಳು. ಗುರು ನಗಲಿಲ್ಲ.

ಆ ಊರಿನ ಆಸ್ಪತ್ರೆಯಲ್ಲಿ ಒಬ್ಬಳು ಹಿರಿಯ ನರ್ಸ್ ಇದ್ದಳು. ದಿನ ತುಂಬದ ಕೂಸುಗಳು ಅವಳ ಪಾಲಿನವು. ಕೋಣೆ ಇತ್ತು, ಪೆಟ್ಟಿಗೆ ಒಂದೂ ಇರಲಿಲ್ಲ. ಕೂಸನ್ನು ಹತ್ತಿಯಲ್ಲಿ ಸುತ್ತಿ, ಎರಡೂ ಪಕ್ಕ ಬಿಸಿನೀರಿನ ಬಾಟಲಿ ಇಟ್ಟು ಕಾಯುತ್ತಿದ್ದಳು. ಬಾಟಲಿ ಆರಿದರೆ ಬದಲಿಸುತ್ತಿದ್ದಳು. ಕೆಲವು ಕೂಸುಗಳು ಉಳಿಯುತ್ತಿದ್ದವು. ಕೆಲವು ಉಳಿಯುತ್ತಿರಲಿಲ್ಲ. ಒಂದು ಕೂಸು ಉಳಿಯದೆ ಹೋದ ದಿನ ಅವಳು ಸಂಜೆ ಪೇಟೆಗೆ ಹೋಗಿ ಅಂಗಡಿಕಾರರನ್ನು ಕೇಳುತ್ತಿದ್ದಳು. ಎಲ್ಲರೂ ಅಯ್ಯೋ ಪಾಪ ಎಂದರು. ಚಹಾ ಕೊಟ್ಟರು. ಸೋಮವಾರ ಬನ್ನಿ ಎಂದರು. ಯಾವ ಸೋಮವಾರ ಎಂದು ಯಾರೂ ಹೇಳಲಿಲ್ಲ.

ಕೊನೆಗೆ ಅವಳು ಹತ್ತಿ ವರ್ತಕನ ಅಂಗಡಿಯ ಮೆಟ್ಟಿಲು ಹತ್ತಿದಳು.

"ಕೊಡೂಣ" ಎಂದ ವರ್ತಕ. "ಹೆಸರ ಎಲ್ಲಿ ಬರಸ್ತೀರಿ?"

"ಪೆಟ್ಟಿಗಿ ಕೆಳಗ ತಗಡ ಇರ್ತೈತ್ರಿ. ಅದರ ಮ್ಯಾಲೆ ಬರಸೂಣು."

"ಕೆಳಗ ಬಗ್ಗಿ ಯಾರ ನೋಡ್ತಾರ? ಗಾಜಿನ ಮ್ಯಾಲೆ ಬರಸ್ರಿ."

"ಗಾಜಿನ ಒಳಗ ಕೂಸು ಇರ್ತೈತ್ರಿ ಸಾವ್ಕಾರ್ರ. ಅದು ನನಗ ಕಾಣಬೇಕು."

"ಕೂಸು ಭಾಳ ಸಣ್ಣದು ಅಂತ ನೀವ ಹೇಳಿದ್ರಿ. ಅಷ್ಟ ಸಣ್ಣದಕ್ಕ ಎಷ್ಟ ಗಾಜು ಬೇಕು?"

ಆ ಪೇಟೆಯಲ್ಲಿ ಯಾವ ವ್ಯಾಪಾರವೂ ಬಾಯಿಯಿಂದ ಮುಗಿಯುತ್ತಿರಲಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುವುದು ಅಲ್ಲಿನ ರೂಢಿ. ವರ್ತಕ ಅಭ್ಯಾಸದ ಬಲದಿಂದ ಹೆಗಲ ಮೇಲಿನ ಟವೆಲ್ಲು ಬಿಚ್ಚಿದ. ಎದುರಿಗಿರುವುದು ಹೆಣ್ಣುಮಗಳು ಎಂಬುದು ನೆನಪಾಗಿ ತಡೆದ. ನರ್ಸ್ ತಾನೇ ಟವೆಲ್ಲಿನ ಕೆಳಗೆ ಕೈ ಇಟ್ಟಳು.

"ನಮ್ಮಪ್ಪ ದನದ ಸಂತ್ಯಾಗ ದಲಾಲಿ ಮಾಡ್ತಿದ್ದ್ರಿ. ಹಿಡೀರಿ" ಎಂದಳು.

ಅಕ್ಷರ ಎಷ್ಟು ಎತ್ತರ ಎಂಬುದು ಪ್ರಶ್ನೆ. ವರ್ತಕ ನಾಲ್ಕು ಬೆರಳು ಒತ್ತಿದ. ನರ್ಸ್ ಒಂದು ಬೆರಳು ಒತ್ತಿದಳು. ವರ್ತಕ ತಲೆ ಆಡಿಸಿ ಮೂರಕ್ಕೆ ಇಳಿದ. ನರ್ಸ್ ಒಂದರಲ್ಲೇ ನಿಂತಳು. ಒಂದು ಬೆರಳಿಗೆ ಅವನು ಹುಟ್ಟಿನಿಂದ ಯಾವ ವ್ಯಾಪಾರವನ್ನೂ ಮುಗಿಸಿರಲಿಲ್ಲ. ಅಂಗಡಿಯ ಆಳುಗಳು ಕೆಲಸ ಬಿಟ್ಟು ಟವೆಲ್ಲನ್ನೇ ನೋಡುತ್ತಿದ್ದರು. ಎರಡು ಬೆರಳಿಗೆ ಕುದುರಿತು. ಗಾಜಿನ ಒಂದೇ ಮಗ್ಗುಲಿಗೆ ಬರೆಯುವುದೆಂದೂ ಆಯಿತು. ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಕೈ ತೆಗೆದರು.

ಪೆಟ್ಟಿಗೆ ಬಂತು. ಪೇಂಟರ್ ಬಂದು ಕೆಂಪು ಬಣ್ಣದಲ್ಲಿ ಬರೆದ. ಪ್ರತಿ ಅಕ್ಷರಕ್ಕೂ ಹಳದಿ ನೆರಳು ಕೊಟ್ಟ. 'ಶ್ರೀ ಚಂಬಸಪ್ಪ ಗುರುಶಾಂತಪ್ಪ, ಹತ್ತಿ ವರ್ತಕರು, ಇವರ ಕೊಡುಗೆ.' ವರ್ತಕ ಪೆಟ್ಟಿಗೆಗೆ ಕಾಯಿ ಒಡೆದ. ಊದುಬತ್ತಿ ಹಚ್ಚಿದ. ನರ್ಸ್ ಊದುಬತ್ತಿಯನ್ನು ನೀರಲ್ಲಿ ಅದ್ದಿ ಹೊರಗೆ ಇಟ್ಟಳು.

ಸುದ್ದಿ ಪೇಟೆಗೆ ಹಬ್ಬಿತು. ವರ್ತಕನ ಎದುರಿನ ಅಂಗಡಿಯವನು ಮೆಣಸಿನಕಾಯಿ ವ್ಯಾಪಾರಿ, ಅಂದಾನಪ್ಪ ಎಂದು ಹೆಸರು. ಅವನಿಗೆ ಆ ದಿನ ಊಟ ಸೇರಲಿಲ್ಲ. ಮರುದಿನವೇ ಆಸ್ಪತ್ರೆಗೆ ಬಂದು ಎರಡನೆಯ ಪೆಟ್ಟಿಗೆ ತನ್ನದು ಎಂದ. ತನ್ನ ಹೆಸರು ಹಸಿರು ಬಣ್ಣದಲ್ಲಿ ಇರಲಿ, ಆದರೆ ಎದುರಿನವನ ಹೆಸರಿಗಿಂತ ಒಂದು ಕೂದಲೆಳೆ ದೊಡ್ಡದಾಗಿರಲಿ ಎಂದ. ನರ್ಸ್ ಕೂದಲೆಳೆಗೆ ಒಪ್ಪಿದಳು.

"ನೋಡಿದಿರಾ" ಎಂದಳು ಶಿಷ್ಯೆ. "ಇದೇ, ನಾನು ಹೇಳಿದ್ದು ಇದೇ."

"ಕಲ್ಲು ನೋಡು" ಎಂದರು ಗುರು.

ಆ ಸೀಮೆಯಲ್ಲಿ ತೊಟ್ಟಿಲಿಗೆ ಹಾಕುವವರೆಗೆ ಕೂಸಿಗೆ ಹೆಸರಿಲ್ಲ. ದಿನ ತುಂಬದ ಕೂಸಾದರೆ ಮನೆಗೆ ಬಂದ ಮೇಲೆಯೇ ತೊಟ್ಟಿಲು. ಉಳಿಯುವುದು ಗೊತ್ತಿಲ್ಲದೆ ಹೆಸರಿಡಲು ಯಾರಿಗೂ ಧೈರ್ಯವಾಗದು. ಆದ್ದರಿಂದ ಆಸ್ಪತ್ರೆಯಲ್ಲಿ ಕೂಸುಗಳನ್ನು ತಾಯಿಯ ಹೆಸರು ಹಿಡಿದು ಕರೆಯುತ್ತಿದ್ದರು. ಆ ತಿಂಗಳು ಕೋಣೆಯಲ್ಲಿದ್ದ ಆರು ಕೂಸುಗಳಲ್ಲಿ ಮೂರು ಯಲ್ಲವ್ವನ ಕೂಸುಗಳು. ಮೂವರೂ ಬೇರೆ ಬೇರೆ ಯಲ್ಲವ್ವರು. ಒಂದು ಬೆಳಿಗ್ಗೆ ಒಬ್ಬ ಯಲ್ಲವ್ವನ ಕೂಸಿನ ಔಷಧಿ ಇನ್ನೊಬ್ಬ ಯಲ್ಲವ್ವನ ಕೂಸಿನ ಬಾಯಿಯ ತನಕ ಹೋಗಿತ್ತು. ನರ್ಸ್ ನೋಡಿ ಆಯಾಳ ಕೈ ಹಿಡಿದು ತಡೆದಳು.

ಅಂದೇ ಅವಳು ಒಂದು ನಿಯಮ ಮಾಡಿದಳು. ಇನ್ನು ಮೇಲೆ ಪೆಟ್ಟಿಗೆಯ ಮೇಲೆ ಬರೆದ ಹೆಸರೇ ಒಳಗಿರುವ ಕೂಸಿನ ಹೆಸರು. ಎರಡು ಪೆಟ್ಟಿಗೆಯಲ್ಲಿ ಇಬ್ಬರು ಯಲ್ಲವ್ವರ ಕೂಸುಗಳು ಮಲಗಿದ್ದವು. ಮೂರನೆಯದು ಹತ್ತಿಯಲ್ಲಿತ್ತು. ಅದೊಂದು ಮಾತ್ರ ಯಲ್ಲವ್ವನ ಕೂಸಾಗಿ ಉಳಿಯಿತು.

ನಿಯಮ ಒಳ್ಳೆಯದು. ಗೊಂದಲ ತಪ್ಪಿತು. ಆದರೆ ದೊಡ್ಡವರ ಹೆಸರು. ಏಕವಚನದಲ್ಲಿ ಕರೆಯಲು ಆಯಾಗಳ ನಾಲಿಗೆ ಏಳಲಿಲ್ಲ.

"ಚಂಬಸಪ್ಪನವರು ಎರಡ ಚಮಚಾ ಹಾಲ ಕುಡದಾರ."

"ಅಂದಾನಪ್ಪನವರು ಕಕ್ಕಾ ಮಾಡ್ಯಾರ, ಅರಿವಿ ಬದಲಸ್ರಿ."

"ಚಂಬಸಪ್ಪನವರ್ನ ಸ್ವಲ್ಪ ಮಗ್ಗಲಾ ಮಾಡ್ರಿ. ಆಗಿಂದ ಒಂದ ಸಮಾ ಅಳಾಕ್ಹತ್ಯಾರ."

ಇಂಥ ಮಾತು ಆಸ್ಪತ್ರೆಯ ಗೋಡೆಯೊಳಗೆ ಎಷ್ಟು ದಿನ ಇರುತ್ತದೆ? ಒಬ್ಬ ಆಯಾ ಕಾಯಿಪಲ್ಯ ತರಲು ಹೋದಾಗ ಹೇಳಿದಳು. ಮೂರನೆಯ ದಿನ ವರ್ತಕ ಚಹಾದಂಗಡಿಗೆ ಕಾಲಿಟ್ಟಾಗ ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು.

"ಬರ್ರಿ ಸಾವ್ಕಾರ್ರ. ಮುಂಜಾನೆ ಭಾಳ ಅತ್ರಂತ?"

"ಹಾಲ ಕುಡದ ಮ್ಯಾಲೆ ತೇಗಿದ್ರೋ ಇಲ್ಲೋ?"

ಕ್ಷೌರದವನು ಎದ್ದು ನಿಂತು ಬಹಳ ಮರ್ಯಾದೆಯಿಂದ ಕೇಳಿದ: "ನಿನ್ನೆ ಒಂದ ದಿನದಾಗ ಆರ ಅರಿವಿ ತೋಯಿಸೀರಂತ. ಆರಾಮ ಅದೀರಿಲ್ಲೋ?"

ವರ್ತಕ ಚಹಾ ಮುಟ್ಟದೆ ಎದ್ದ. ನೇರ ಆಸ್ಪತ್ರೆಗೆ ಹೋದ. ಆ ಹೆಸರಿನಿಂದ ಕರೆಯುವುದನ್ನು ಈಗಿಂದೀಗ ನಿಲ್ಲಿಸಬೇಕೆಂದು ಹೇಳುವುದು ಅವನ ಉದ್ದೇಶ. ನರ್ಸ್ ಅವನನ್ನು ಹಾಗೆಯೇ ಒಳಗೆ ಬಿಡಲಿಲ್ಲ. ಚಪ್ಪಲಿ ಬಿಡಿಸಿದಳು. ರುಮಾಲು ತೆಗೆಸಿದಳು. ಉಂಗುರ ಬಿಚ್ಚಿಸಿದಳು. ಮೊಳಕೈತನಕ ಎರಡು ಸಲ ಸೋಪು ಹಚ್ಚಿ ತೊಳೆಸಿದಳು. ತೊಳೆಯುವಷ್ಟರಲ್ಲಿ ಅರ್ಧ ಸಿಟ್ಟು ನೀರಿನ ಜೊತೆ ಹೋಯಿತು.

ಪೆಟ್ಟಿಗೆ ಕೊಟ್ಟು ತಿಂಗಳಾಗಿತ್ತು. ಒಳಗೆ ಏನಿದೆ ಎಂದು ಅವನು ಅಂದೇ ಮೊದಲು ನೋಡಿದ. ಕ್ವಿಂಟಲ್ ಲೆಕ್ಕದಲ್ಲಿ ಹತ್ತಿ ತೂಗುವವನು ಅವನು. ಒಳಗಿದ್ದದ್ದು ಒಂದು ಹಿಡಿಯಷ್ಟು. ಅದಕ್ಕೆ ಕೈ ಇತ್ತು, ಕಾಲು ಇತ್ತು, ಹಣೆಯ ಮೇಲೆ ದೊಡ್ಡವರಂತೆ ಮೂರು ಗೆರೆ ಇದ್ದವು.

"ಇದ ನಾನ?" ಎಂದ ವರ್ತಕ.

"ಹೌದ್ರಿ. ಇದ ನೀವ."

ವರ್ತಕ ಬಗ್ಗಿದ.

"ನಿನ್ನೆಕ್ಕಿಂತ ಹತ್ತ ಗ್ರಾಂ ಇಳದೀರಿ" ಎಂದಳು ನರ್ಸ್.

ಹೆಸರು ನಿಲ್ಲಿಸಿ ಎಂದು ಹೇಳಲು ಬಂದವನು ಬಾಯಿ ತೆರೆದ. ಬಾಯಿಂದ ಬೇರೆಯೇ ಮಾತು ಬಂತು.

"ಯಾಕ ಇಳದೇನಿ?"

"ತಾಯಿಗೆ ಹಾಲ ಸಾಲವಲ್ದು. ಅಂದಾನಪ್ಪನವರು ಇಪ್ಪತ್ತ ಗ್ರಾಂ ಏರ್ಯಾರ."

ಕೊನೆಯ ಮಾತನ್ನು ಅವಳು ಹೇಳಬೇಕಾಗಿರಲಿಲ್ಲ. ದನದ ಸಂತೆಯ ದಲಾಲಿಯ ಮಗಳು, ಹೇಳಿದಳು.

ಮ‌ರುದಿನದಿಂದ ವರ್ತಕ ಬೆಳಿಗ್ಗೆ ತೂಗುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲತೊಡಗಿದ. ಮೆಣಸಿನಕಾಯಿ ವ್ಯಾಪಾರಿಯೂ ಬಂದ. ಇಬ್ಬರೂ ಕಿಟಕಿಯ ಹೊರಗೆ ಒಬ್ಬರ ಮುಖ ಒಬ್ಬರು ನೋಡದೆ ನಿಂತು ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದರು. ತನ್ನದು ಐದು ಗ್ರಾಂ ಇಳಿದ ದಿನ ವರ್ತಕ ತಕ್ಕಡಿ ಸರಿಯಿಲ್ಲ ಎಂದ. ಇನ್ನೊಂದು ದಿನ, ಕೂಸನ್ನು ಅರಿವೆ ಸಮೇತ ತೂಗಬಾರದೇಕೆ, ನಾವು ಹತ್ತಿಯನ್ನು ಗೋಣಿ ಸಮೇತವೇ ತೂಗುವುದು ಎಂದ.

"ತಕ್ಕಡಿಗೆ ಮೋಸಾ ಮಾಡಬಹುದು ಸಾವ್ಕಾರ್ರ" ಎಂದಳು ನರ್ಸ್. "ಕೂಸಿಗೆ ಮಾಡಾಕ ಬರಂಗಿಲ್ಲ."

ವರ್ತಕನ ಪೆಟ್ಟಿಗೆಯಲ್ಲಿದ್ದ ಕೂಸಿನ ತಾಯಿ ಯಲ್ಲವ್ವ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವಳು. ಗಂಡ ಭಟ್ಟಿಗೆ ಮರಳಿ ಹೋಗಿದ್ದ. ಇವಳು ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು ಚಹಾದಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದಳು. ವರ್ತಕ ಅದನ್ನು ಮನೆಯಲ್ಲಿ ಹೇಳಿದ. ಅವನ ಹೆಂಡತಿ ಅಂದಿನಿಂದ ಎರಡು ಹೊತ್ತು ಬುತ್ತಿ ಹೊತ್ತು ಬಂದಳು. ಬಿಸಿ ರೊಟ್ಟಿ, ಹಾಲು ಹೆಚ್ಚಲಿ ಎಂದು ಸಬ್ಬಸಿಗೆ ಪಲ್ಯ, ಬಾಣಂತಿಗೆಂದು ಅಂಟಿನ ಉಂಡಿ. ಯಲ್ಲವ್ವ ನಾಚಿಕೊಂಡು ಸಾಕು ಎಂದರೆ ಬಿಡುತ್ತಿರಲಿಲ್ಲ.

"ಉಣ್ಣವ್ವ, ಉಣ್ಣು. ನನ್ನ ಗಂಡಗ ಹಾಲ ಕಡಿಮಿ ಬೀಳಬಾರದು" ಎನ್ನುತ್ತಿದ್ದಳು. ಪಡಸಾಲೆಯ ಬಾಣಂತಿಯರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಹೊಲಿಗೆ ಹಾಕಿಸಿಕೊಂಡವರು ನಗಿಸಬೇಡಿ ಎಂದು ಬೇಡಿಕೊಳ್ಳುತ್ತಿದ್ದರು.

ಚಂಬಸಪ್ಪನವರು ಏರತೊಡಗಿದರು. ಎಂಟು ಗ್ರಾಂ. ಹನ್ನೆರಡು ಗ್ರಾಂ. ಒಂದು ದಿನ ಇಪ್ಪತ್ತೈದು. ಆ ದಿನ ವರ್ತಕ ಪೇಟೆಯಲ್ಲಿ ಎಲ್ಲರಿಗೂ ಪೇಡೆ ಹಂಚಿದ. ಮೆಣಸಿನಕಾಯಿ ವ್ಯಾಪಾರಿಗೆ ಎರಡು ಕೊಟ್ಟ.

ಅದರ ಮುಂದಿನ ವಾರ ಕೂಸಿಗೆ ಸೋಂಕು ತಗುಲಿತು.

ಅದು ಹಾಲು ಬಿಟ್ಟಿತು. ಬಣ್ಣ ಕೆಟ್ಟಿತು. ನಡುನಡುವೆ ಉಸಿರಾಡುವುದನ್ನು ಮರೆಯತೊಡಗಿತು. ದಿನ ತುಂಬದ ಕೂಸುಗಳು ಹಾಗೆ ಮರೆಯುತ್ತವೆ. ಯಾರಾದರೂ ಅಂಗಾಲು ಮುಟ್ಟಿದರೆ ನೆನಪು ಮಾಡಿಕೊಂಡು ಮತ್ತೆ ಉಸಿರಾಡುತ್ತವೆ. ಮುಟ್ಟುವವರಿಲ್ಲದಿದ್ದರೆ ಇಲ್ಲ. ಔಷಧಿ ಕೊಟ್ಟಿದ್ದೇವೆ, ಈಗ ಏನೂ ಹೇಳಲಾಗದು ಎಂದರು ಡಾಕ್ಟರು.

ಪೇಟೆಯಲ್ಲಿ ನಗೆ ನಿಂತಿತು. ವರ್ತಕ ಚಹಾದಂಗಡಿಗೆ ಬಂದರೆ ಎಲ್ಲರೂ ತಮ್ಮ ಚಹಾದ ಬಸಿಯ ಕಡೆ ನೋಡುತ್ತಿದ್ದರು. ಹೇಗಿದ್ದೀರಿ ಎಂದು ಕೇಳಲು ಕ್ಷೌರದವನಿಗೂ ಬಾಯಿ ಬರಲಿಲ್ಲ.

ಮನೆಯಲ್ಲಿ ಹೆಂಡತಿ ಅತ್ತಳು. "ನಿಮ್ಮ ಹೆಸರ ಹೊತ್ತ ಜೀವ ಹೋದ್ರ ನನ್ನ ಗತಿ ಏನ್ರಿ? ಮೊದಲ ಹೋಗಿ ಅದನ್ನ ಅಳಿಸಿ ಬರ್ರಿ" ಎಂದಳು.

ವರ್ತಕನಿಗೂ ಒಳಗೆ ಅದೇ ಭಯ ಇತ್ತು. ಪೇಂಟರನ್ನು ಕರೆದ. ಬಣ್ಣ ತೆಗೆಯುವ ಟರ್ಪಂಟೈನ್ ಎಣ್ಣೆಯ ಬಾಟಲಿ, ಎರಡು ಚಿಂದಿ ಹಿಡಿದು ಇಬ್ಬರೂ ಆಸ್ಪತ್ರೆಗೆ ಬಂದರು. ನರ್ಸ್ ಬಾಗಿಲಿಗೆ ಅಡ್ಡ ನಿಂತಳು.

"ಆ ವಾಸನಿ ಒಳಗ ಬಂದ್ರ ಕೂಸಿನ ಉಸಿರ ನಿಲ್ತೈತಿ" ಎಂದಳು.

"ಕೂಸನ್ನ ಬ್ಯಾರೆ ಪೆಟ್ಟಿಗ್ಯಾಗ ಇಡ್ರಿ."

"ಅದರಾಗ ಅಂದಾನಪ್ಪನವರು ಅದಾರ."

"ಮತ್ತ ನನ್ನ ಹೆಸರ ಯಾವಾಗ ಅಳಸೂದು?"

"ಪೆಟ್ಟಿಗಿ ಖಾಲಿ ಆದ ಮ್ಯಾಲೆ."

"ಯಾವಾಗ ಖಾಲಿ ಆಗ್ತೈತಿ?"

"ಎರಡ ಥರಾ ಖಾಲಿ ಆಗ್ತೈತ್ರಿ ಸಾವ್ಕಾರ್ರ" ಎಂದಳು ನರ್ಸ್. "ಯಾವ್ದ ಬೇಕು, ನೀವ ಹೇಳ್ರಿ."

ಪೇಂಟರ್ ಬಾಟಲಿಯ ಮುಚ್ಚಳ ತೆಗೆಯಲೋ ಬೇಡವೋ ಎಂದು ನಿಂತಿದ್ದ. ವರ್ತಕ ಅವನಿಗೆ ಮನೆಗೆ ಹೋಗು ಎಂದ. ಆಮೇಲೆ ನರ್ಸ್ ಕಡೆ ತಿರುಗಿ, ನಾನು ಏನು ಮಾಡಲಿ ಎಂದು ಕೇಳಿದ.

"ದಿನಾ ಮಧ್ಯಾಹ್ನ ಕರೆಂಟ ಹೋಗ್ತೈತಿ. ಪೆಟ್ಟಿಗಿ ಆರ್ತೈತಿ. ಅದೊಂದು. ಅಂಗಾಲ ಮುಟ್ಟಾಕ ಆಳಿಲ್ಲ. ನನಗಿರೂವು ಎರಡ ಕೈ, ಕೂಸು ಆರ. ಇದೊಂದು."

ಅದು ಹತ್ತಿಯ ಹಂಗಾಮು. ಹತ್ತಿಯಿಂದ ಬೀಜ ಬಿಡಿಸುವ ವರ್ತಕನ ಜಿನ್ನಿಂಗ್ ಫ್ಯಾಕ್ಟರಿ ಹಗಲೆಲ್ಲ ಓಡುತ್ತಿತ್ತು. ಅವನು ಅಲ್ಲಿನ ಜನರೇಟರನ್ನು ಬಿಚ್ಚಿಸಿ, ಟ್ರ್ಯಾಕ್ಟರಿನ ಮೇಲೆ ಹೇರಿ ಆಸ್ಪತ್ರೆಯ ಹಿತ್ತಿಲಿಗೆ ತಂದು ನಿಲ್ಲಿಸಿದ. ಕರೆಂಟ್ ಹೋದಾಗ ಫ್ಯಾಕ್ಟರಿ ನಿಂತಿತು, ಪೆಟ್ಟಿಗೆ ನಿಲ್ಲಲಿಲ್ಲ. ಜನರೇಟರಿನ ಮೇಲೂ ಅವನ ಹೆಸರಿತ್ತು. ಅದು ಗೋಡೆಯ ಕಡೆಗೆ ತಿರುಗಿ ನಿಂತದ್ದನ್ನು ಅವನು ಗಮನಿಸಲಿಲ್ಲ.

ಇನ್ನು ಕಾಯುವುದು. ಬೆಳಗಿನಲ್ಲಿ ಯಲ್ಲವ್ವ ಕೂರುತ್ತಿದ್ದಳು, ರಾತ್ರಿ ಆಯಾಗಳು. ಮಧ್ಯಾಹ್ನ ಯಲ್ಲವ್ವ ಮಲಗುವ ಹೊತ್ತಿಗೆ ವರ್ತಕ ಉಂಗುರ ಬಿಚ್ಚಿ, ಕೈ ತೊಳೆದು ಬಂದು ಸ್ಟೂಲಿನ ಮೇಲೆ ಕೂತ. ಕೂಸಿನ ಎದೆ ಏರಿ ಇಳಿಯುವುದನ್ನು ನೋಡುತ್ತಿರಬೇಕು. ನಿಂತರೆ ಅಂಗಾಲು ಮುಟ್ಟಬೇಕು. ಕೆಲಸ ಇಷ್ಟೇ. ಆದರೆ ಪೆಟ್ಟಿಗೆಯ ಒಂದು ಮಗ್ಗುಲಿಗೆ ಗೋಡೆ. ಸ್ಟೂಲು ಇಡಲು ಜಾಗವಿದ್ದ ಮಗ್ಗುಲಿಗೆ ಹೆಸರು.

ಕೂತಲ್ಲಿಂದ ಅವನು ನೋಡಿದ. ಗುರುಶಾಂತಪ್ಪ ಎಂಬಲ್ಲಿ ಏನೂ ಕಾಣಲಿಲ್ಲ. ಹತ್ತಿ ವರ್ತಕರು ಎಂಬಲ್ಲಿ ಮೊಣಕಾಲು ಕಂಡಿತು. ಹಳದಿ ನೆರಳು ಇದ್ದ ಸಂದುಗಳನ್ನೂ ಮುಚ್ಚಿತ್ತು. ಕುತ್ತಿಗೆಯನ್ನು ಆ ಕಡೆ ಈ ಕಡೆ ಹೊರಳಿಸಿ, ಕೊನೆಗೆ ಚಂಬಸಪ್ಪ ಎಂಬುದರ ಸೊನ್ನೆಯೊಳಗಿಂದ ಎದೆಯನ್ನು ಹುಡುಕಿದ. ನಾಲ್ಕಾಣೆ ಬಿಲ್ಲೆಯಷ್ಟು ಅಗಲದ ಸೊನ್ನೆ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅದಕ್ಕೆ ಹಚ್ಚಿ ಕೂತ.

ಅರ್ಧ ಗಂಟೆಯಲ್ಲಿ ಕುತ್ತಿಗೆ ಹಿಡಿಯಿತು. ದೋಷವನ್ನು ಅವನು ನರ್ಸ್ ಮೇಲೆ ಹಾಕಿದ.

"ಅವತ್ತ ನಾಲ್ಕ ಬೆರಳಿಗೆ ಒಪ್ಪಿದ್ರ ಸೊನ್ನಿ ದೊಡ್ಡದು ಇರ್ತಿತ್ತು" ಎಂದು ಗೊಣಗಿದ.

ನರ್ಸ್ ಎಷ್ಟೋ ದಿನಗಳ ಮೇಲೆ ನಕ್ಕಳು.

ಮೊದಲ ಮಧ್ಯಾಹ್ನ ಕೂಸು ಏಳು ಸಲ ಮರೆಯಿತು. ವರ್ತಕ ಪೆಟ್ಟಿಗೆಯ ಮಗ್ಗುಲಿನ ಕಿಂಡಿಯಲ್ಲಿ ಕೈ ತೂರಿಸಿ ಏಳು ಸಲ ಅಂಗಾಲು ಮುಟ್ಟಿದ. ಮುಟ್ಟುವಾಗೆಲ್ಲ, "ಏ ಚಂಬಸಪ್ಪ, ಏಳಪಾ" ಎಂದು ತನ್ನನ್ನು ತಾನೇ ಕರೆದ. ಎರಡನೆಯ ದಿನ ಐದು ಸಲ. ಮೂರನೆಯ ದಿನ ಅಂಗಾಲಿಗೆಂದು ಚಾಚಿದ ಬೆರಳನ್ನು ಕೂಸು ತನ್ನ ಕೈಯಲ್ಲಿ ಹಿಡಿಯಿತು. ಬಿಡಲಿಲ್ಲ.

ಕಾಣದ ಜಾಗದಲ್ಲಿ ಕೈ ಹಿಡಿಯುವುದು ವರ್ತಕನಿಗೆ ನಲವತ್ತು ವರ್ಷದ ರೂಢಿ. ಹಿಡಿದದ್ದು ಒಂದು ಬೆರಳು. ವರ್ತಕ ಚೌಕಾಶಿ ಮಾಡಲಿಲ್ಲ. ಕರೆಂಟ್ ಬಂತು, ಜನರೇಟರ್ ನಿಂತಿತು, ಯಲ್ಲವ್ವ ಎದ್ದು ಬಂದಳು. ಅವನು ಕೈ ಹೊರಗೆ ತೆಗೆಯಲಿಲ್ಲ. ಅಷ್ಟು ಹೊತ್ತೂ ಸೊನ್ನೆಯಲ್ಲಿ ಕಣ್ಣಿಟ್ಟೇ ಇದ್ದ.

ಹನ್ನೊಂದು ದಿನಕ್ಕೆ ಸೋಂಕು ಇಳಿಯಿತು. ಎರಡು ತಿಂಗಳಾಗುವ ಹೊತ್ತಿಗೆ ಕೂಸು ಪೆಟ್ಟಿಗೆಯಿಂದ ಹೊರಗೆ ಬಂತು. ಎರಡು ಥರದಲ್ಲಿ ಒಳ್ಳೆಯ ಥರ. ಪೇಟೆಯವರೆಲ್ಲ ನೋಡಲು ಬಂದಿದ್ದರು. ಆಗಲೇ ಎಲ್ಲರಿಗೂ ಗೊತ್ತಾದದ್ದು, ಚಂಬಸಪ್ಪನವರು ಹೆಣ್ಣು ಎಂದು. ವರ್ತಕನೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಕೂಸಿನ ತಂದೆ ಭಟ್ಟಿಯಿಂದ ಬಂದಿದ್ದ. ಕೈಮುಗಿದು, "ಗಂಡಾಗಿದ್ರ ನಿಮ್ಮ ಹೆಸರ ಇಡತಿದ್ವಿ ಧಣ್ಯಾರ. ಈಗ ಚಂಬವ್ವ ಅಂತ ಇಡೂಣೇನ್ರಿ?" ಎಂದ.

"ಬ್ಯಾಡ" ಎಂದ ವರ್ತಕ. "ಆ ಹೆಸರಿನ ಕಾಟಾ ಎರಡ ತಿಂಗಳ ಉಂಡೈತಿ. ಇನ್ನರೆ ಚಲೋದೊಂದು ಇಡ್ರಿ."

ಪೆಟ್ಟಿಗೆ ಖಾಲಿಯಾಯಿತು. ಹೇಳಿಕಳಿಸಿದ್ದಕ್ಕೆ ಪೇಂಟರ್ ಎಣ್ಣೆಯ ಬಾಟಲಿ ಹಿಡಿದು ಬಂದ. ಪೂರ್ತಿ ಅಳಿಸಿ ಬರಬೇಕು, ಒಂದು ಒತ್ತಕ್ಷರವೂ ಉಳಿಯಬಾರದು ಎಂದು ವರ್ತಕನ ಹೆಂಡತಿ ಹೇಳಿ ಕಳಿಸಿದ್ದಳು. ಪೆಟ್ಟಿಗೆಯನ್ನು ಹಿತ್ತಿಲಿಗೆ ಸಾಗಿಸಿದರು.

"ಅಳಸ್ರಿ" ಎಂದಳು ನರ್ಸ್. "ಲಗೂನ ಅಳಸ್ರಿ. ಏಳ ತಿಂಗಳದಾಕಿ ಒಬ್ಬಾಕಿ ಹೆರಿಗೆಗೆ ಬಂದಾಳ. ಸಂಜೀ ಒಳಗ ಪೆಟ್ಟಿಗಿ ಬೇಕು."

"ಆಕಿ ಹೆಸರೇನು?"

"ಯಲ್ಲವ್ವ."

ವರ್ತಕ ತುಸು ಹೊತ್ತು ಬಾಟಲಿ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ನರ್ಸ್ ಕಡೆ ಚಾಚಿದ. ಅವಳು ಕೈ ಇಟ್ಟಳು. ವರ್ತಕ ಒಂದು ಬೆರಳು ಒತ್ತಿದ. ಅವಳು ಏನೂ ಒತ್ತಲಿಲ್ಲ, ಸುಮ್ಮನೆ ಕೈ ಹಿಡಿದು ಕುಲುಕಿದಳು. ಪೇಂಟರ್ ಗಾಜನ್ನು ಒರೆಸಿ ಸ್ವಚ್ಛ ಮಾಡಿದ. ಎಣ್ಣೆಯ ವಾಸನೆ ಪೂರಾ ಹೋಗುವ ತನಕ ಪೆಟ್ಟಿಗೆಯನ್ನು ಸೋಪಿನ ನೀರಿನಿಂದ ತೊಳೆದು ಗಾಳಿಗೆ ಇಟ್ಟರು. ಬಣ್ಣಕ್ಕೂ ವಾಸನೆ ಇರುತ್ತದೆ. ಆದ್ದರಿಂದ ಕೆಳಗಿನ ತಗಡಿಗೆ, ಒಂದು ಬೆರಳೆತ್ತರದಲ್ಲಿ, ಸುಣ್ಣದಕಡ್ಡಿಯಿಂದ ಹೆಸರು ಬರೆದರು. ಸಂಜೆ ಹೊಸ ಯಲ್ಲವ್ವನ ಕೂಸನ್ನು ಅದರಲ್ಲಿ ಮಲಗಿಸಿದರು.

ಮರುದಿನ ಚಹಾದಂಗಡಿಯಲ್ಲಿ ಕ್ಷೌರದವನು ಧೈರ್ಯ ಮಾಡಿ ಕೇಳಿದ: "ಹ್ಯಾಂಗದೀರಿ ಸಾವ್ಕಾರ್ರ?"

"ಒಂಬೈನೂರಾ ಎಪ್ಪತ್ತ ಗ್ರಾಂ ಅದೀನಿ" ಎಂದ ವರ್ತಕ. "ಸ್ವಲ್ಪ ಕಾಮಣಿ ಐತಿ. ನಾಳಿಂದ ಹಾಲ ಹೆಚ್ಚ ಮಾಡ್ತಾರಂತ."

ಗುರು ಕತೆ ನಿಲ್ಲಿಸಿದರು.

ಶಿಷ್ಯೆ ಒಂದೂ ಕಲ್ಲು ಆರಿಸಿರಲಿಲ್ಲ. ಅವಳ ಮುಖ ಅರಳಿತ್ತು. "ತಿಳಿಯಿತು ಗುರುಗಳೇ" ಎಂದಳು. "ಅವನ ಹೆಸರಿನ ಆಸೆ ಕರಗಿತು. ಕರಗಿದ ಮೇಲೆ ಕೊಟ್ಟದ್ದು ದಾನವಾಯಿತು."

"ಎಲ್ಲಿ ಕರಗಿತು?" ಎಂದರು ಗುರು. "ಮುಂದಿನ ವರ್ಷ ಊರಿಗೆ ನೀರಿನ ಟ್ಯಾಂಕು ಕೊಟ್ಟ. ನಾಲ್ಕೂ ಮಗ್ಗುಲಿಗೆ ಮೊಳದುದ್ದದ ಅಕ್ಷರ. ಮೂರು ಹರದಾರಿ ದೂರದಿಂದ ಓದಬಹುದು. ಗುಡಿಯ ಫ್ಯಾನು ಇವತ್ತಿಗೂ ತಿರುಗುವುದಿಲ್ಲ."

ಶಿಷ್ಯೆಯ ಮುಖ ಸಣ್ಣದಾಯಿತು. ಆಮೇಲೆ ಕುತ್ತಿಗೆ ಮತ್ತೆ ನೆಟ್ಟಗಾಯಿತು.

"ಹಾಗಾದರೆ ಅವನು ಬದಲಾಗಲೇ ಇಲ್ಲ. ನಾನು ಸಿಮೆಂಟಿನವನಿಗೆ ಬೇಡವೆಂದು ಹೇಳಿ ಬಂದದ್ದೇ ಸರಿ. ನಮ್ಮ ಕೈಯಾದರೂ ಶುದ್ಧವಾಗಿ ಉಳಿಯಿತು."

ಗುರು ಮೊರವನ್ನು ತಮ್ಮ ಕಡೆ ಎಳೆದುಕೊಂಡರು.

"ನೀನು ಬೇಡವೆಂದ ಪೆಟ್ಟಿಗೆಯಲ್ಲಿ ಮಲಗಬೇಕಿದ್ದ ಕೂಸು ಇವತ್ತು ಎರಡು ಬಿಸಿನೀರಿನ ಬಾಟಲಿಗಳ ನಡುವೆ ಮಲಗಿದೆ, ತಾಯಿ, ಅದನ್ನು ನಿನ್ನ ಹೆಸರಿನಿಂದ ಕರೆಯಲು ಹೇಳಲೇ?"